ಮೇಲಿನ ಮನೆಯ ಬಾಗಿಲು

ನಾನು ಕೊಪ್ಪದಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ ಕಾಲದಲ್ಲಿ ಒಂದು ಇಡೀ ಲೋಕ ಬಸ್ಸಿನಲ್ಲಿ ಓಡಾಡುತ್ತಿತ್ತು. ಒಂದು ದಿನ ಕೊಪ್ಪದಲ್ಲಿ, ಮರುದಿನ ಶೃಂಗೇರಿಯಲ್ಲಿ, ಅದರ ಮರುದಿನ ನರಸಿಂಹರಾಜಪುರದಲ್ಲಿ. ಕಂಡಕ್ಟರ್ ಅದನ್ನು ಟಿಕೆಟ್ ಚೀಲದ ಹಿಂದಿನ ಖಾನೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಬಿಸಿಲಿಗೆ ಇಡಬೇಡಿ, ಅದರ ಮೇಲೆ ಕೂರಬೇಡಿ ಎಂದು ನಾನು ಪ್ರತಿಸಲ ಹೇಳುತ್ತಿದ್ದೆ. "ಇನ್ಮೇಲೆ ನಿಮ್ಮ ಲೋಕಕ್ಕೂ ಹಾಫ್ ಟಿಕೆಟ್ ಹರೀತೀನಿ ನೋಡಿ ಮೇಡಮ್" ಎಂದು ಅವನು ನಗುತ್ತಿದ್ದ.

ಲೋಕ ಎಂದರೆ ಒಂದು ಸಿ.ಡಿ. ಅಳಿಸಿ ಮತ್ತೆ ಬರೆಯಬಹುದಾದ ಸಿ.ಡಿ. ಆಗಿನ್ನೂ ಬ್ರಾಡ್‌ಬ್ಯಾಂಡ್ ನಮ್ಮ ಕಡೆ ಬಂದಿರಲಿಲ್ಲ. ಟೆಲಿಫೋನ್ ತಂತಿಯಲ್ಲಿ ಬರುತ್ತಿದ್ದ ಇಂಟರ್ನೆಟ್ ಒಂದು ಫೋಟೋ ಇಳಿಸುವಷ್ಟರಲ್ಲಿ ನಾನು ಒಂದು ಲೋಟ ಕಾಫಿ ಕುಡಿದು ಲೋಟ ತೊಳೆದಿಡುತ್ತಿದ್ದೆ. ಆದರೂ ಮೂರೂ ಊರಿನವರು ಒಂದೇ ಆಟ ಆಡಬೇಕೆಂಬುದು ನನ್ನ ಹಟ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಆಟ ಅದು. ನೀವೊಂದು ಪಾತ್ರ ಆರಿಸಿಕೊಂಡು ಆ ಪಾತ್ರವಾಗಿಯೇ ಗದ್ದೆ ಉಳುತ್ತೀರಿ, ಮನೆ ಕಟ್ಟುತ್ತೀರಿ, ದನ ಸಾಕುತ್ತೀರಿ, ಕಾಡಿಗೆ ಹೋದರೆ ಹುಲಿಯ ಜೊತೆ ಹೊಡೆದಾಡುತ್ತೀರಿ. ಅದರ ಪ್ರೋಗ್ರಾಮನ್ನು ಯಾರು ಬೇಕಾದರೂ ತಿದ್ದಿಕೊಳ್ಳಬಹುದು ಎಂದು ಮಾಡಿದವರು ಬಿಟ್ಟುಕೊಟ್ಟಿದ್ದರು. ನನಗೆ ಅಷ್ಟು ಸಾಕಾಯಿತು. ಕಲ್ಲಿನ ಕೋಟೆಗಳನ್ನು ಕಿತ್ತು ಹೆಂಚಿನ ಮನೆ ಹಾಕಿದೆ. ಕುದುರೆಗಳಿಗೆ ಕೊಂಬು ಮೂಡಿಸಿ ಎತ್ತು ಮಾಡಿದೆ. ಮೊದಮೊದಲು ಅವು ಕುದುರೆಯ ಹಾಗೇ ಕೆನೆಯುತ್ತಿದ್ದವು, ಅದನ್ನೂ ಸರಿ ಮಾಡಿದೆ.

ಪದ್ಧತಿ ಹೀಗಿತ್ತು. ಒಂದೊಂದು ಊರಿಗೆ ಒಂದೊಂದು ಸರದಿ. ಸರದಿಯ ಮಧ್ಯಾಹ್ನ ಆ ಊರಿನವರು ತಮ್ಮೂರ ಸೆಂಟರಿನಲ್ಲಿ ಕೂತು ಆಡುತ್ತಿದ್ದರು. ಉಳಿದ ಎರಡೂರಿನವರ ಪಾತ್ರಗಳು ಅಷ್ಟು ಹೊತ್ತು ನಿಂತಲ್ಲೇ ನಿದ್ದೆ ಮಾಡುತ್ತಿರುತ್ತಿದ್ದವು. ಸಂಜೆ ಲೋಕವನ್ನು ಸಿ.ಡಿ.ಗೆ ಬರೆದು ಬಸ್ಸಿಗೆ ಕೊಡುವುದು. ಶೃಂಗೇರಿಯಿಂದ ಎನ್.ಆರ್. ಪುರಕ್ಕೆ ಹೋಗಬೇಕಾದರೂ ಅದು ಕೊಪ್ಪದ ಮೇಲೇ ದಾಟಬೇಕು. ಹಾಗಾಗಿ ಪ್ರತಿ ಸಂಜೆ ನನ್ನ ಕೈಗೆ ಬರುತ್ತಿತ್ತು, ನಾನು ಪರೀಕ್ಷೆ ಮಾಡಿ ಇನ್ನೊಂದು ಪ್ರತಿ ತೆಗೆದಿಟ್ಟು ಬೆಳಗಿನ ಬಸ್ಸಿಗೆ ಹಾಕುತ್ತಿದ್ದೆ. ಮೂರೂ ಊರು ಸುತ್ತಿ ಬಂದರೆ ಆಟದೊಳಗೆ ಒಂದು ವರ್ಷ. ಪಾತ್ರಗಳಿಗೆ ವಯಸ್ಸಾಗುವ ಹಾಗೆ ಮಾಡಿದ್ದೂ ನಾನೇ. ಯಾರಿಗೂ ಮುಪ್ಪು ಬಾರದ ಊರು ನನಗೇಕೋ ಹಿಡಿಸಿರಲಿಲ್ಲ.

ಶೃಂಗೇರಿಯ ಸರದಿಗೆ ತಪ್ಪದೆ ಬರುತ್ತಿದ್ದವರು ಒಬ್ಬ ಅಜ್ಜ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು, ಮನೆ ಸಿರಿಮನೆ ಕಡೆ. ದಿನಸಿ ತರುವ ನೆವ ಹೇಳಿ ಕಿಗ್ಗದ ಬಸ್ಸಿನಲ್ಲಿ ಇಳಿದು ಸೆಂಟರಿಗೆ ಬಂದು ಕೂರುತ್ತಿದ್ದರಂತೆ. ಮಿಕ್ಕವರೆಲ್ಲ ಮೀಸೆ ತಿರುವುವ ವೀರರ ಪಾತ್ರ ಆರಿಸಿಕೊಂಡರೆ ಇವರು ಮೊದಲ ದಿನವೇ ಒಬ್ಬ ಮುದುಕನನ್ನು ಆರಿಸಿಕೊಂಡರು. "ಈ ವಯಸ್ಸಲ್ಲಿ ಹುಡುಗನ ವೇಷ ಎಂತಕ್ಕೆ ಕೂಸೇ, ಮಂಡಿ ನೋವು ಅದಕ್ಕೂ ಗೊತ್ತಿರಲಿ" ಎಂದು ಫೋನಿನಲ್ಲಿ ನನಗೆ ಹೇಳಿದ್ದರು. ಹುಲಿ ಹೊಡೆಯಲು ಒಂದು ದಿನವೂ ಹೋದವರಲ್ಲ. ಊರಿನ ಏರಿನ ಮೇಲೊಂದು ಮನೆ ಕಟ್ಟಿ ದನ ಸಾಕಿದರು. ಅದನ್ನು ಎಲ್ಲರೂ ಮೇಲಿನ ಮನೆ ಎಂದು ಕರೆಯುತ್ತಿದ್ದರು.

ಎನ್.ಆರ್. ಪುರದ ಸೆಂಟರ್ ನಡೆಸುತ್ತಿದ್ದವರು ಒಬ್ಬ ಅಕ್ಕ. ಗಂಡನ ಕಬ್ಬಿಣದ ಅಂಗಡಿಯ ಪಕ್ಕದ ಮಳಿಗೆಯಲ್ಲಿ ಎಸ್.ಟಿ.ಡಿ. ಬೂತು, ಜೆರಾಕ್ಸ್ ಯಂತ್ರ, ಗೋಡೆಗೆ ಒತ್ತಿ ನಾಲ್ಕು ಕಂಪ್ಯೂಟರ್. ಜನ ಆಡುವುದನ್ನು ನೋಡಿ ನೋಡಿ ತಾವೂ ಒಂದು ಪಾತ್ರ ಮಾಡಿಕೊಂಡು ಹೊಳೆಯಾಚೆ ಪುಟ್ಟ ಮನೆ ಕಟ್ಟಿಕೊಂಡಿದ್ದರು. ಒಂದು ಸಲ ಅಜ್ಜನ ಕರು ಹೊಳೆ ದಾಟಿ ಬಂದುಬಿಟ್ಟಿತ್ತು. ಸಿಕ್ಕಿದ ಕರು ಸಿಕ್ಕಿದವರದು ಎಂಬುದು ಆಟದ ರೂಢಿ. ಅಕ್ಕ ಅದನ್ನು ಹೊಡೆದುಕೊಂಡು ಏರು ಹತ್ತಿ ಅಜ್ಜನ ಕೊಟ್ಟಿಗೆಯಲ್ಲಿ ಕಟ್ಟಿ ಹುಲ್ಲು ಹಾಕಿ ಬಂದರು. ಮುಂದಿನ ಸರದಿಯಲ್ಲಿ ಅಜ್ಜ ಅಕ್ಕನ ಪಾತ್ರವನ್ನು ಮಗಳು ಎಂದು ಬರೆಸಿಕೊಂಡರು, ಆಟದಲ್ಲಿ ಅದಕ್ಕೆ ಅವಕಾಶವಿತ್ತು. ಅಲ್ಲಿಂದ ಮುಂದೆ ಅಕ್ಕನ ಸರದಿ ಶುರುವಾಗುತ್ತಿದ್ದುದೇ ಮೇಲಿನ ಮನೆಗೆ ಹೋಗಿ ಬರುವುದರಿಂದ. ಅಜ್ಜ ಜಗಲಿಯ ಮೇಲೆ ಅವರಿಗೆಂದು ಏನಾದರೂ ಇಟ್ಟಿರುತ್ತಿದ್ದರು: ಒಂದು ಗಿಂಡಿ ಹಾಲು, ಎರಡು ಸೌತೆಕಾಯಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ, ದನಿ ಕೇಳಿದವರಲ್ಲ. ಒಬ್ಬರು ಎಚ್ಚರವಿದ್ದಾಗ ಇನ್ನೊಬ್ಬರ ಪಾತ್ರ ನಿದ್ದೆಯಲ್ಲಿರುತ್ತಿತ್ತು.

ಒಂದು ಸಂಜೆ ಅಜ್ಜನ ಫೋನು ಬಂತು.

"ಕೂಸೇ, ನಾನು ಹೋದೆ."

"ಎಲ್ಲಿಗೆ ಅಜ್ಜ?"

"ಎಲ್ಲಿಗೆ ಅಂದ್ರೆ? ಸತ್ತೋದೆ ಮಾರಾಯ್ತಿ. ದನ ಹೊಡ್ಕೊಂಡು ಹೊಳೆ ಹತ್ರ ಹೋಗಿದ್ದೆ. ಅಲ್ಲೇ ಕೂತೆ, ಮತ್ತೆ ಏಳಲಿಲ್ಲ. ನೋವು ಗೀವು ಎಂತದ್ದೂ ಇಲ್ಲ. ಒಳ್ಳೇ ಸಾವು ಮಾಡಿದೀಯ." ಆಮೇಲೆ ಕೇಳಿದರು, "ಮನೆ ಯಾರಿಗೆ ಹೋಗ್ತದೆ ಈಗ?"

ನೋಡಿ ಹೇಳುತ್ತೇನೆ ಎಂದೆ. ನಿಜ ಹೇಳಬೇಕೆಂದರೆ ನಾನು ಮುಪ್ಪಿನ ಬಗ್ಗೆ, ಸಾವಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದೆನೇ ಹೊರತು ಸಾವಿನ ಮರುದಿನದ ಬಗ್ಗೆ ಅಲ್ಲ. ಆ ಲೋಕದಲ್ಲಿ ಸಹಜವಾಗಿ ಸತ್ತವರಲ್ಲಿ ಅಜ್ಜನೇ ಮೊದಲನೆಯವರು. ಬೆಳಿಗ್ಗೆ ಎಂದಿನಂತೆ ಸಿ.ಡಿ.ಯನ್ನು ಎನ್.ಆರ್. ಪುರದ ಬಸ್ಸಿಗೆ ಕೊಟ್ಟು ಬಂದು, ಪಾಠಕ್ಕೆ ಬರುವವರು ಬರುವ ಮೊದಲು ಪ್ರೋಗ್ರಾಮಿನ ಆ ಭಾಗ ತೆರೆದೆ. ಮೂರೇ ಸಾಲು. ಸತ್ತವನ ಮನೆಯ ಬೀಗ ತೆಗೆ. ಸತ್ತವನ ವಸ್ತುಗಳ ಮೇಲಿನ ಹೆಸರು ಅಳಿಸು. ಮನೆ ಖಾಲಿ ಎಂದು ಬರೆ. ಅಂದರೆ ಮೊದಲು ಹೊಕ್ಕವನಿಗೆ ಮನೆ, ಕೈಗೆ ಸಿಕ್ಕಿದವನಿಗೆ ಪಾತ್ರೆಪಗಡ. ಮೂಲದಲ್ಲಿ ಅದು ಕತ್ತಿ ಹಿಡಿದು ಓಡಾಡುವವರ ಆಟ, ಅವರಿಗೆ ಅಷ್ಟು ಸಾಕಿತ್ತು.

ಮಧ್ಯಾಹ್ನ ಅಕ್ಕನ ಫೋನು. "ಅಪ್ಪ ಹೋಗಿಬಿಟ್ರಲ್ಲ" ಎಂದರು. ಅವರು ಆಟದೊಳಗೆ ಅಜ್ಜನನ್ನು ಕರೆಯುತ್ತಿದ್ದುದೇ ಹಾಗೆ. "ಬಾಗಿಲು ಹಾರು ಹೊಡೆದು ನಿಂತಿದೆ, ಎಲ್ಲ ಇದ್ದಲ್ಲೇ ಇದೆ. ಒಳಗೆ ಹೋಗಿ ಗುಡಿಸಿ, ದೀಪ ಹಚ್ಚಿ, ಅಲ್ಲೇ ಕೂತಿದ್ದೀನಿ. ನನ್ನ ಪಾತ್ರ ಅಲ್ಲೇ ಇರಲಿ ಅಂತ ಹಂಗೇ ಬಿಟ್ಟು ಸಿ.ಡಿ. ಕಳಿಸ್ತೀನಿ. ಆದ್ರೆ ನಾಳೆ ನಿಮ್ಮೂರಿನ ಸರದಿ. ನಿಮ್ಮೋರು ಚಮಚ ಸಮೇತ ಬಿಡಲ್ಲ. ಏನಾದ್ರೂ ಮಾಡಿ."

ಅವರಿಗೆ ಬೇಕಿದ್ದರೆ ಆ ಮಧ್ಯಾಹ್ನವೇ ಇಡೀ ಮನೆಯನ್ನು ಹೊಳೆಯಾಚೆ ಸಾಗಿಸಬಹುದಿತ್ತು. ಒಂದು ಗಿಂಡಿಯನ್ನೂ ಮುಟ್ಟಿರಲಿಲ್ಲ. ಅದು ನನಗೆ ಸಿ.ಡಿ. ಕೈಗೆ ಬಂದ ಮೇಲೆ ಕಂಡಿತು. ದೀಪದ ಮುಂದೆ ಅವರ ಪಾತ್ರ ಕೂತಿತ್ತು, ನೆಲ ಹೊಳೆಯುತ್ತಿತ್ತು.

ನಾನು ನಮ್ಮ ಸೆಂಟರಿನ ಬಾಗಿಲಿಗೆ ಬೋರ್ಡು ಹಾಕಿದೆ: "ಲೋಕ ರಿಪೇರಿಯಲ್ಲಿದೆ. ದಯವಿಟ್ಟು ಕಾಯಿರಿ." ಕೊಪ್ಪದ ಆಟಗಾರರು ಅದರ ಮುಂದೆ ನಿಂತು ಗೊಣಗಿದರು. ಎಲ್ಲರಿಗಿಂತ ಜೋರಾಗಿ ಗೊಣಗಿದವನು ಅಡಿಕೆ ಮಂಡಿಯ ಗುಮಾಸ್ತ. ಅವನಿಗೊಂದು ಕಾರಣವೂ ಇತ್ತು. ಉಳುಮೆಗೆ ಕೈ ಬೇಕೆಂದು ಅಜ್ಜ ಅವನ ಪಾತ್ರವನ್ನು ಬಹಳ ಹಿಂದೆಯೇ ಮಗ ಎಂದು ಬರೆಸಿಕೊಂಡಿದ್ದರು. "ನಮ್ಮಪ್ಪ ಸತ್ತಿದ್ದಾನೆ, ನೀವು ನೋಡಿದ್ರೆ ಬೋರ್ಡ್ ಹಾಕಿ ಕೂತಿದೀರಲ್ಲ ಮಾರಾಯ್ರೆ" ಎಂದ. ದುಃಖವೇನೂ ಮುಖದಲ್ಲಿ ಕಾಣಲಿಲ್ಲ.

ಬೇರೆ ಆಟಗಳಲ್ಲಿ ಏನು ಮಾಡುತ್ತಾರೆ ನೋಡೋಣ ಎಂದು ಇಂಟರ್ನೆಟ್‌ಗೆ ಕೂತೆ. ಒಂದೊಂದು ಪುಟ ಬರುವುದನ್ನು ಕಾಯುತ್ತ ಒಂದೊಂದು ಪದ್ಧತಿ ತಿಳಿಯಿತು. ಒಂದು ಆಟದಲ್ಲಿ ಒಡೆಯ ಬಹಳ ದಿನ ಬಂದು ಬಾಗಿಲು ತೆರೆಯದಿದ್ದರೆ ಮನೆ ತಾನಾಗಿ ಜೀರ್ಣವಾಗಿ ಒಂದು ದಿನ ಕುಸಿಯುತ್ತದೆ. ಅದು ಕುಸಿಯುವ ಹೊತ್ತಿಗೆ ಸರಿಯಾಗಿ ಜನ ಚೀಲ ಹಿಡಿದು ಸುತ್ತ ನಿಂತಿರುತ್ತಾರಂತೆ. ಇನ್ನೊಂದರಲ್ಲಿ ಸತ್ತವನ ಹೆಣದ ಮೇಲೇ ಆಸ್ತಿಯೆಲ್ಲ ಇರುತ್ತದೆ, ತಡಕಿದವನಿಗೆ ಸೇರುತ್ತದೆ. ಮತ್ತೊಂದರಲ್ಲಿ ಅಂಗಡಿಯವನು ಸತ್ತು ಎಷ್ಟೇ ಕಾಲವಾಗಿರಲಿ, ಅವನ ಕಪಾಟಿನಿಂದ ಒಂದು ಚಮಚ ತೆಗೆದರೂ ಅದು ಕಳ್ಳತನವೇ. ವಾರಸುದಾರರಿಲ್ಲ, ಕೇಳುವವರಿಲ್ಲ, ಆದರೂ ಚಮಚ ಅವನದೇ. ನನಗೆ ಇದು ಎಲ್ಲಕ್ಕಿಂತ ಇಷ್ಟವಾಯಿತು. ಸತ್ತವರಿಗೆ ಇಷ್ಟಾದರೂ ಮರ್ಯಾದೆ ಬೇಕು. ಆದರೆ ಇಡೀ ಮನೆಯನ್ನು ಹಾಗೆ ಯಾರೂ ಮುಟ್ಟದಂತೆ ಬಿಟ್ಟರೆ ದನಗಳಿಗೆ ಹುಲ್ಲು ಹಾಕುವವರು ಯಾರು?

ಕೊನೆಗೆ ಎಲ್ಲರಿಗೂ ತಿಳಿದ ದಾರಿಯನ್ನೇ ಹಿಡಿದೆ. ಸತ್ತವನಿಗೆ ಮಗನಿದ್ದರೆ ಮನೆ ಮಗನಿಗೆ ಎಂದು ಬರೆದೆ. ಖಾಲಿ ಮನೆಯೊಂದನ್ನು ಕಟ್ಟಿ, ಸುಳ್ಳು ಅಪ್ಪನನ್ನು ಸಾಯಿಸಿ ಪರೀಕ್ಷೆ ಮಾಡಿದೆ. ಬೀಗ ಬದಲಾಯಿತು, ವಸ್ತುಗಳ ಮೇಲೆ ಮಗನ ಹೆಸರು ಬಂತು. ಬೋರ್ಡು ತೆಗೆದೆ.

ಗುಮಾಸ್ತ ಕೂತ, ಬಾಗಿಲು ತೆರೆದ, ಉಗ್ರಾಣ ನೋಡಿ ಖುಷಿಪಟ್ಟ. ಆಮೇಲೆ ಕೇಳಿದ, "ಅದ್ಯಾರು ಮೇಡಮ್, ನಮ್ಮನೆ ಎದುರು ರಸ್ತೇಲಿ ನಿಂತ್ಕಂಡಿರೋದು?"

ಬಗ್ಗಿ ನೋಡಿದೆ. ಅಕ್ಕನ ಪಾತ್ರ. ಒಡೆಯ ಬದಲಾಗುತ್ತಲೇ ಪ್ರೋಗ್ರಾಮು ಬೀಗ ಬದಲಿಸುತ್ತದೆ, ಬೀಗ ಬದಲಾಗುತ್ತಲೇ ಒಳಗಿದ್ದ ಪರರನ್ನು ರಸ್ತೆಗೆ ಹಾಕುತ್ತದೆ. ಪರೀಕ್ಷೆ ಮಾಡಿದ ಮನೆಯಲ್ಲಿ ಯಾರೂ ಕೂತಿರಲಿಲ್ಲವಾದ್ದರಿಂದ ನನಗದು ಹೊಳೆದಿರಲಿಲ್ಲ. ಹೇಗೂ ಹೊಳೆಯಾಚೆ ಅವರದೇ ಮನೆ ಇದೆಯಲ್ಲ, ನಡೆದು ಹೋದರಾಯಿತು ಎಂದುಕೊಂಡು ಸುಮ್ಮನಾದೆ.

ಎನ್.ಆರ್. ಪುರದ ಸರದಿ ಬಂದ ದಿನ ಫೋನು ಬಂತು. ಅತ್ತ ಜೆರಾಕ್ಸ್ ಯಂತ್ರದ ಸದ್ದು ಕೇಳುತ್ತಿತ್ತು.

"ಹೊರಗೆ ಹಾಕಿದ್ರಲ್ಲ ನನ್ನ" ಎಂದರು ಅಕ್ಕ. "ದೀಪ ಒಳಗೇ ಉರೀತಿದೆ. ಕಿಟಕೀಲಿ ಕಾಣ್ತದೆ. ಬಾಗಿಲು ತಟ್ಟಿದ್ರೆ 'ನೀವು ಈ ಮನೆಯವರಲ್ಲ' ಅಂತ ಬರ್ತದೆ."

ಆ ವಾಕ್ಯವನ್ನು ಕನ್ನಡಕ್ಕೆ ತಂದವಳು ನಾನೇ. ಎಷ್ಟು ಸರಳವಾಗಿ ತಂದಿದ್ದೇನೆ ಎಂದು ಅಂದು ಹೆಮ್ಮೆಪಟ್ಟಿದ್ದೆ. ಈಗ ನಾಚಿಕೆಯಾಯಿತು.

ಗುಮಾಸ್ತನಿಗೆ ಹೇಳುತ್ತೇನೆ ಎಂದೆ. "ಅವನ ತಪ್ಪಲ್ಲ ಅದು. ಅವನಿಗೆ ಗೊತ್ತೂ ಇರಲಿಕ್ಕಿಲ್ಲ" ಎಂದರು. ಆಮೇಲೆ ತಾವಾಗಿ ಹೇಳಿದರು. "ನಮ್ಮ ಅಪ್ಪ ತೀರಿಕೊಂಡ ಮೇಲೆ ತಮ್ಮ ಬಂದು ಕೇಳಿದ. ಜಮೀನಿನ ಹಕ್ಕು ಬಿಡುಗಡೆ ಪತ್ರಕ್ಕೆ ಒಂದು ರುಜು ಹಾಕಕ್ಕಾ ಅಂತ. ಕೊಪ್ಪದ ಸಬ್ ರಿಜಿಸ್ಟ್ರಾರ್ ಆಫೀಸಲ್ಲೇ ಹಾಕಿದ್ದು. ನಿಮ್ಮ ಸೆಂಟರಲ್ಲೇ ಅದರ ಜೆರಾಕ್ಸ್ ಮಾಡಿಸಿದ್ವಿ, ನಿಮಗೆ ನೆನಪಿರಲ್ಲ ಬಿಡಿ. ಹೋಟೆಲಲ್ಲಿ ಊಟ ಹಾಕ್ಸಿ ಬಸ್ ಹತ್ಸಿ ಕಳಿಸಿದ. ಜಗಳ ಅಂತ ಎಂತದ್ದೂ ಇಲ್ಲ ನಮ್ಮೊಳಗೆ. ಆಮೇಲೆ ಹಬ್ಬಕ್ಕೆ ಕರೀಲಿಲ್ಲ, ಅಷ್ಟೆ. ಈ ವರ್ಷ ಮರ್ತಿರಬೇಕು ಅಂದ್ಕಂಡೆ. ಮುಂದಿನ ವರ್ಷಾನೂ ಹಂಗೇ ಅಂದ್ಕಂಡೆ."

ನನಗೆ ಸಿಟ್ಟು ನೆತ್ತಿಗೇರಿತು. ನಾನು ಸುಮ್ಮನಿರುವ ಜಾತಿಯವಳಲ್ಲ. ಮಗ ಅಂತೆ ಮಗ! ಅಂದೇ ಕೂತು, ಮೊದಲು ಬರೆದ ಸಾಲುಗಳನ್ನು ಹೊಡೆದುಹಾಕಿದೆ. ಮಗನೋ ಮಗಳೋ, ಸತ್ತವನ ಮನೆಗೆ ಕೊನೆಯ ಸಲ ಹೋಗಿ ದೀಪ ಹಚ್ಚಿದವರು ಯಾರೋ ಅವರಿಗೇ ಮನೆ ಎಂದು ಬರೆದೆ. ಅಕ್ಕನನ್ನು ಮೇಲಿನ ಮನೆಯ ಒಡತಿ ಮಾಡಿದೆ. ಗುಮಾಸ್ತ ಕೂಗಾಡಿದ. ಕೂಗಾಡಲಿ ಎಂದು ಬಿಟ್ಟೆ. ಎನ್.ಆರ್. ಪುರಕ್ಕೆ ಸಿ.ಡಿ. ಕಳಿಸುವಾಗ ಏನೋ ದೊಡ್ಡ ನ್ಯಾಯ ಮಾಡಿದವಳ ಹಾಗೆ ಬೀಗುತ್ತಿದ್ದೆ.

ಅಕ್ಕ ಫೋನು ಮಾಡಿದರು. ಸಂತೋಷದ ದನಿಯಲ್ಲ.

"ಇದೆಂತ ಮಾಡಿದ್ರಿ ಮಾರಾಯ್ತಿ?"

"ನಿಮ್ಮದೇ ಅಲ್ವಾ ಅಕ್ಕ ಅದು? ನ್ಯಾಯವಾಗಿ ನಿಮಗೇ ಸೇರಬೇಕು."

"ನ್ಯಾಯ ಇರಬಹುದು. ನಂಗೆ ಮನೆ ಇದೆಯಲ್ಲ, ಹೊಳೆಯಾಚೆ. ಇದೂ ನಂದೇ ಆದ್ರೆ ನಾನು ಹೋಗೋದೆಲ್ಲಿಗೆ?" ಎಂದರು. ನನಗೆ ಅರ್ಥವಾಗಲಿಲ್ಲ ಎಂದು ಅವರಿಗೆ ತಿಳಿಯಿತು. ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. "ಬೀಗದ ಕೈ ನನ್ನ ಸೊಂಟದಲ್ಲೇ ಇದ್ರೆ ಅದು ತವರಾಗಲ್ಲ. ನಾನು ಹೋಗಿ ನಿಂತಾಗ ಒಳಗಿಂದ ಒಬ್ರು ಬಂದು ಬಾಗಿಲು ತೆಗೀಬೇಕು. ಈಗ ಬಂದ್ಯಾ ಅನ್ನಬೇಕು. ನಂಗೆ ಮನೆ ಬೇಡ. ಬಾಗಿಲು ಬೇಕು."

ನಾನು ಮದುವೆಯಾಗದೆ ಹುಟ್ಟಿದ ಮನೆಯಲ್ಲೇ ಇರುವವಳು. ಇಂದಿಗೂ ನನ್ನ ಕೋಣೆ, ನನ್ನ ಮಂಚ, ನನ್ನ ಲೋಟ ಅಲ್ಲೇ ಇವೆ. ಬಿಟ್ಟು ಹೋಗದವಳಿಗೆ ಬಂದು ಸೇರುವುದು ಹೇಗೆ ತಿಳಿಯಬೇಕು? ಆ ದಿನ ಫೋನು ಇಟ್ಟ ಮೇಲೆ ಪಾಠ ಹೇಳುವ ಮನಸ್ಸಾಗಲಿಲ್ಲ. ಟ್ಯಾಲಿ ಕಲಿಯಲು ಬಂದವರಿಗೆ ಹಿಂದಿನದನ್ನೇ ಮತ್ತೆ ಮಾಡಿ ಎಂದು ಹೇಳಿ ಕಿಟಕಿಯ ಹತ್ತಿರ ಕೂತೆ. ಅಕ್ಕನಿಗೆ ತವರಿನಲ್ಲಿ ಪಾಲೂ ಸಿಗಬೇಕಿತ್ತು, ಬಾಗಿಲೂ ತೆರೆದಿರಬೇಕಿತ್ತು. ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳಲು ನೋಡಿ ಎರಡನ್ನೂ ಕಳೆದುಕೊಂಡಿದ್ದರು. ಪಾಲಿನ ವಿಷಯ ನನ್ನ ಕೈಯಲ್ಲಿರಲಿಲ್ಲ. ಬಾಗಿಲಿನದು ಇತ್ತು.

ಮತ್ತೆ ಪ್ರೋಗ್ರಾಮು ತೆರೆದು ನೋಡಿದರೆ ತೊಂದರೆ ಎಲ್ಲಿದೆ ಎಂದು ತಿಳಿಯಿತು. ಅಲ್ಲಿ ಬಾಗಿಲಿಗೆ ಗೊತ್ತಿದ್ದುದು ಎರಡೇ: ಒಡೆಯ ಅಥವಾ ಪರ. ಪರನಾದರೆ ಸೊನ್ನೆ, ಒಡೆಯನಾದರೆ ಒಂದು. ನಾನು ಮೂರನೆಯದೊಂದು ಅಂಕಿ ಸೇರಿಸಿದೆ, ಅದಕ್ಕೆ ಮನೆಮಗಳು ಎಂದು ಹೆಸರಿಟ್ಟೆ. ಮನೆಮಗಳಿಗೆ ಬಾಗಿಲು ತೆರೆಯಬೇಕು. ಅವಳನ್ನು ಹೊರಗೆ ಹಾಕುವಂತಿಲ್ಲ. ಅವಳು ಮನೆ ಮಾರುವಂತಿಲ್ಲ, ಕೇಳದೆ ಏನನ್ನೂ ಒಯ್ಯುವಂತಿಲ್ಲ. ಅವಳು ತಟ್ಟಿದರೆ ಬರುವ ಮಾತನ್ನೂ ಬದಲಿಸಿದೆ. "ಈಗ ಬಂದ್ಯಾ?"

ಇದನ್ನು ಎಲ್ಲಿ ಬರೆದಿಡುವುದು ಎಂಬುದರಲ್ಲೇ ಎರಡು ಸಂಜೆ ಹೋದವು. ಒಡೆಯನ ಹೆಸರಿನ ಕೆಳಗೆ ಬರೆದರೆ ಒಡೆಯ ಸತ್ತ ಕೂಡಲೇ ಅದೂ ಅಳಿಸಿಹೋಗುತ್ತಿತ್ತು. ಅಪ್ಪ ಹೋದರೆ ತವರೂ ಹೋಯಿತು ಎಂಬ ಲೆಕ್ಕ. ಅದೇ ಅಲ್ಲವೇ ನಾವು ತಪ್ಪಿಸಬೇಕಾದದ್ದು? ಕೊನೆಗೆ ಗೋಡೆ, ಕಂಬ, ಹೆಂಚು ಇವುಗಳನ್ನೆಲ್ಲ ಬರೆದಿಡುವ ಜಾಗದಲ್ಲಿ ಅವಳ ಹೆಸರನ್ನು ಸೇರಿಸಿದೆ. ಇನ್ನು ಒಡೆಯರು ಎಷ್ಟು ಜನ ಬಂದು ಹೋದರೂ ಕಂಬ ಇರುವ ತನಕ ಅವಳೂ ಇರುತ್ತಾಳೆ. ಅಕ್ಕ ತಾವಾಗಿಯೇ ಮನೆಯನ್ನು ಗುಮಾಸ್ತನ ಹೆಸರಿಗೆ ಬಿಟ್ಟುಕೊಟ್ಟರು.

ಇಷ್ಟಾದ ಮೇಲೆ ಅಜ್ಜನಿಗೆ ಫೋನು ಮಾಡಿ ಹೇಳಿದೆ. ಅವರು ಎಲ್ಲ ಕೇಳಿ, "ಸರಿ ಕೂಸೇ. ಹೋಗುವಾಗ ಬರೀ ಕೈಲಿ ಕಳಿಸ್ತೀಯನಾ?" ಎಂದರು.

ಹೌದಲ್ಲ! ಮಡಿಲು ತುಂಬದೆ ಮನೆಮಗಳನ್ನು ಕಳಿಸುವುದುಂಟೇ? ಅವಳು ಹೊರಡುವಾಗ ಉಗ್ರಾಣದಿಂದ ಒಂದು ವಸ್ತು ತಾನಾಗಿ ಅವಳ ಮಡಿಲಿಗೆ ಬರಲಿ ಎಂದು ಬರೆದೆ. ಉಗ್ರಾಣ ಖಾಲಿಯಿದ್ದರೆ ಎಂದು ಕೇಳಿದಾಗ ಅಜ್ಜ, "ಎಂತ ಇಲ್ಲದಿದ್ರೂ ಅರಿಶಿನ ಕುಂಕುಮ, ಒಂದು ಬೆಲ್ಲದ ಚೂರು. ಅದಕ್ಕೂ ಗತಿ ಇಲ್ಲದ ಮನೆ ಎಲ್ಲುಂಟು?" ಎಂದರು. ಅದನ್ನೂ ಸೇರಿಸಿದೆ.

ಆತುರದಲ್ಲಿ ಒಂದು ಎಡವಟ್ಟು ಮಾಡಿದ್ದೆ. ಯಾವ ವಸ್ತು ಎಂದು ಹೇಳಿರಲಿಲ್ಲ. ಪ್ರೋಗ್ರಾಮು ಉಗ್ರಾಣದ ಪಟ್ಟಿಯಲ್ಲಿ ಎಲ್ಲಕ್ಕಿಂತ ಹಳೆಯದನ್ನು ಎತ್ತಿ ಕೊಟ್ಟಿತು. ಆ ಆಟಕ್ಕೆ ದನವೂ ಒಂದೇ, ದವಸವೂ ಒಂದೇ. ಅಜ್ಜ ಆಟಕ್ಕೆ ಬಂದ ಹೊಸದರಲ್ಲಿ ಮೊದಲು ಕೊಂಡಿದ್ದು ಉಳುವ ಎತ್ತು. ಮಾರನೆಯ ಸರದಿಗೆ ಕೂತ ಗುಮಾಸ್ತ ಕುರ್ಚಿಯಿಂದ ಎದ್ದೇ ನಿಂತ.

"ಮೇಡಮ್! ಮಡಿಲಿಗೆ ಯಾರಾದ್ರೂ ಎತ್ತು ಹಾಕ್ತಾರಾ?"

ಅತ್ತ ಅಕ್ಕ ನಕ್ಕು ನಕ್ಕು ಸುಸ್ತಾಗಿ, ತಮ್ಮ ಮುಂದಿನ ಸರದಿಯಲ್ಲಿ ಎತ್ತನ್ನು ವಾಪಸ್ಸು ಹೊಡೆದು ಕಳಿಸಿದರು. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಕುಪ್ಪಸದ ಬಟ್ಟೆ, ಬಳೆ, ಇವಿಷ್ಟರಲ್ಲಿ ಒಂದು ಎಂದು ಬೇಲಿ ಹಾಕಿದೆ. ಗುಮಾಸ್ತನಿಗೆ ಅದೂ ಒಪ್ಪಿಗೆಯಿರಲಿಲ್ಲ. "ನನ್ನ ಮನೆ, ನನ್ನ ಉಗ್ರಾಣ. ನಂಗೆ ಹೇಳ್ದೆ ಕೇಳ್ದೆ ಸಾಮಾನು ಹೋಗ್ತದೆ ಅಂದ್ರೆ ಎಂತ ಕಥೆ ಮಾರಾಯ್ರೆ ಇದು?"

"ನಿಂಗೆ ಅಕ್ಕ ತಂಗಿ ಯಾರೂ ಇಲ್ವನಾ?" ಎಂದು ಕೇಳಿದೆ.

"ಇದ್ದಾಳೆ ಅಕ್ಕ. ಇಲ್ಲೇ ಪಕ್ಕದೂರು ನಾರ್ವೆಲಿ" ಎಂದ. ಆ ಮಧ್ಯಾಹ್ನ ಅವನು ಗದ್ದೆಗೆ ಇಳಿಯಲೇ ಇಲ್ಲ. ಆಟದ ಸಂತೆಗೆ ಹೋಗಿ ಹಸಿರು ಬಳೆ ಕೊಂಡು ತಂದು ಉಗ್ರಾಣದಲ್ಲಿಟ್ಟ. ಜಗಲಿಯ ಮೇಲೆ ಒಂದು ಗಿಂಡಿ ಹಾಲು ಇಟ್ಟ. ನಾನು ನೋಡುತ್ತಿದ್ದೇನೆ ಎಂದು ಗೊತ್ತಾಗಿ, "ಹಾಳಾಗ್ತದಲ್ಲ ಅಂತ ಇಟ್ಟೆ" ಎಂದ.

ಉಳಿದದ್ದು ಅಜ್ಜನ ವಿಷಯ. ಅವರಿಗೆ ಆಟ ಬಿಡಲು ಮನಸ್ಸಿರಲಿಲ್ಲ. ಸತ್ತವರು ಮತ್ತೆ ಆಡಬೇಕೆಂದರೆ ಯಾವುದಾದರೂ ಮನೆಯಲ್ಲಿ ಕೂಸಾಗಿ ಹುಟ್ಟಿ ಬರಬೇಕಿತ್ತು. ಹೊಸ ಹುಟ್ಟಿಗೆ ಹಳೆಯ ಮನೆಯ ಮೇಲೆ ಯಾವ ಹಕ್ಕೂ ಇಲ್ಲ. ತಾವೇ ಕಟ್ಟಿದ ಬಾಗಿಲಿನ ಮುಂದೆ ನಿಂತರೂ ಅವರಿಗೆ ಬರುವುದು ಅದೇ ಮಾತು: ನೀವು ಈ ಮನೆಯವರಲ್ಲ. ಇದ್ದುದನ್ನು ಇದ್ದ ಹಾಗೆ ತಿಳಿಸಿದೆ. "ಇರಲಿ ಬಿಡು. ಹೋದ ಮೇಲೆ ಹೋದ ಹಾಗೇ" ಎಂದವರು ಮತ್ತೆ, "ಹೊಳೆಯಾಚೆ ಮನೇಲಿ ಹುಟ್ಟಬಹುದನಾ ಕೇಳು" ಎಂದರು. ಅಕ್ಕನನ್ನು ಕೇಳಿದೆ. ಅವರು ತಮ್ಮ ಸರದಿ ಬಂದ ಕೂಡಲೇ ಆಟದೊಳಗೆ ತೊಟ್ಟಿಲು ಕೊಂಡರು.

ಆಮೇಲೆ ಆದದ್ದನ್ನು ನಾನು ಬರೆದಿರಲಿಲ್ಲ. ಎನ್.ಆರ್. ಪುರದ ಸರದಿ ಮುಗಿದು ಸಿ.ಡಿ. ನನ್ನ ಕೈಗೆ ಬಂದಾಗ ಎಂದಿನಂತೆ ಪರೀಕ್ಷೆಗೆ ತೆರೆದೆ. ಅಕ್ಕನ ಪಾತ್ರ ಮೇಲಿನ ಮನೆಯ ಒಳಗೆ, ದೀಪದ ಮುಂದೆ ಕೂತಿತ್ತು. ಮಡಿಲಲ್ಲಿ ಕೂಸು ಮಲಗಿತ್ತು. ಎತ್ತಿಕೊಂಡ ಮಗು ತಾಯಿ ಹೋದಲ್ಲೆಲ್ಲ ಹೋಗಬಹುದು ಎಂಬ ಸಾಲು ಮೂಲ ಆಟದಲ್ಲೇ ಎಲ್ಲೋ ಇತ್ತು, ನಾನು ಅದನ್ನು ಮುಟ್ಟಿರಲಿಲ್ಲ. ಅಜ್ಜ ತಮ್ಮ ಮನೆಗೆ ಮೊಮ್ಮಗನಾಗಿ ಬಂದಿದ್ದರು. ಅಡಿಕೆ ಮಂಡಿಯ ಗುಮಾಸ್ತ ಇಟ್ಟ ಹಾಲು ಖಾಲಿಯಾಗಿತ್ತು. ನಾನು ಕಂಪ್ಯೂಟರಿನ ಮುಂದೆ ಕೂತು ಅತ್ತೆ. ಇದನ್ನು ಬರೆಯಲು ನನಗೇನೂ ಸಂಕೋಚವಿಲ್ಲ.

ಶೃಂಗೇರಿಯ ಸರದಿಯಲ್ಲಿ ಅಜ್ಜ ಕಣ್ಣು ಬಿಟ್ಟು ನೋಡಿದಾಗ ತಾವೆಲ್ಲಿದ್ದೇವೆ ಎಂದು ತಿಳಿದಿರಬೇಕು. ಫೋನು ಮಾಡಲಿಲ್ಲ. ಕೂಸಿಗೆ ಆ ವಯಸ್ಸಿನಲ್ಲಿ ನಡೆಯಲು ಬರುವುದಿಲ್ಲವಾದ್ದರಿಂದ ಇಡೀ ಮಧ್ಯಾಹ್ನ ಅಲ್ಲೇ ಮಲಗಿ ಹೆಂಚಿನ ಮಾಡು ನೋಡುತ್ತಿದ್ದರು ಎಂದು ಸೆಂಟರಿನವರು ಹೇಳಿದರು.

ಹೀಗೆ ಲೋಕ ಕೆಲವು ಸುತ್ತು ಸುತ್ತಿತು. ಗೌರಿ ಹಬ್ಬ ಹತ್ತಿರ ಬಂತು. ಒಂದು ಸಂಜೆ ಶೃಂಗೇರಿಯ ಬಸ್ಸಿನಿಂದ ಸಿ.ಡಿ. ತೆಗೆದುಕೊಳ್ಳಲು ಹೋದರೆ ಕಂಡಕ್ಟರ್ ಡ್ರೈವರಿನ ಸೀಟಿನ ಹಿಂದಿನಿಂದ ದೊಡ್ಡ ಕೈಚೀಲವೊಂದನ್ನು ತೆಗೆದುಕೊಟ್ಟ. "ಇವತ್ತು ಲೋಕದ ಜೊತೆ ಲಗೇಜೂ ಉಂಟು ಮೇಡಮ್" ಎಂದ. ಚೀಲದೊಳಗೆ ಬಿಳಿ ಪಂಚೆಯಲ್ಲಿ ಕಟ್ಟಿದ ಮೊರದ ಬಾಗಿನ. ಸಂದಿನಲ್ಲಿ ಬೆರಳು ಹಾಕಿ ನೋಡಿದೆ. ಅಕ್ಕಿ, ಬೇಳೆ, ತೆಂಗಿನಕಾಯಿ, ತಾಳೆಗರಿಯ ಬಿಚ್ಚೋಲೆ, ಕುಪ್ಪಸದ ಬಟ್ಟೆ, ಹಸಿರು ಬಳೆ. ಇವು ಆಟದವಲ್ಲ.

ಸೆಂಟರಿಗೆ ಮರಳುವಷ್ಟರಲ್ಲಿ ಅಜ್ಜನ ಫೋನು ಬಂತು. "ಚೀಲ ಬಂತನಾ? ಎನ್.ಆರ್. ಪುರಕ್ಕೆ ದಾಟಿಸು ಕೂಸೇ. ನಮಗೆ ಹುಟ್ಟಿದ್ದು ಇಬ್ರೂ ಮಾಣಿಗಳೇ, ಹೆಣ್ಣುಮಕ್ಕಳಿಲ್ಲ, ಬಾಗಿನ ಕಳಿಸೋ ಯೋಗ ಇರಲಿಲ್ಲ. ಇವಳೇ ಹಟ ಮಾಡಿ ಕಟ್ಟಿದ್ದು. ತಡಿ, ಇವಳು ಎಂತದ್ದೋ ಹೇಳ್ಬೇಕಂತೆ." ಅಜ್ಜಿಯ ದನಿ ಫೋನಿಗೆ ಬಂತು, ನಾನು ಮೊದಲ ಸಲ ಕೇಳಿದ್ದು. "ಮಗಳು ಯಾವಾಗ ಬರ್ತಾಳಂತೆ ಕೇಳು" ಎಂದಷ್ಟೇ ಹೇಳಿ ಫೋನು ಕೊಟ್ಟುಬಿಟ್ಟರು. "ಆತು, ಬರ್ತೀನಿ" ಎಂದು ಅಜ್ಜ ಫೋನು ಇಟ್ಟರು.

ಮರುದಿನ ಬೆಳಿಗ್ಗೆ ಚೀಲವನ್ನೂ ಸಿ.ಡಿ.ಯನ್ನೂ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಎನ್.ಆರ್. ಪುರದ ಬಸ್ಸಿನ ಕಂಡಕ್ಟರ್ ಕೈ ಚಾಚಿದ. ಕೊಡಲು ಮನಸ್ಸು ಬರಲಿಲ್ಲ. ಬಾಗಿನವನ್ನು ಲಗೇಜಿನ ಹಾಗೆ ಕಳಿಸುವುದು ಹೇಗೆ? ಸೆಂಟರಿಗೆ ಬೀಗ ಹಾಕಿದ್ದೆನೋ ಇಲ್ಲವೋ ಎಂದು ಯೋಚಿಸುತ್ತಲೇ ಬಸ್ ಹತ್ತಿದೆ. ಚೀಲವನ್ನು ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡೆ.

ಅಷ್ಟು ಕಾಲ ಫೋನಿನಲ್ಲಿ ಮಾತಾಡಿದ ಅಕ್ಕನನ್ನು ಎದುರಿಗೆ, ಗೊತ್ತಿದ್ದು ನೋಡಿದ್ದು ಅಂದೇ ಮೊದಲು. ನಾನಂದುಕೊಂಡದ್ದಕ್ಕಿಂತ ಎತ್ತರ, ಕನ್ನಡಕ ಹಾಕಿದ್ದರು. ಯಾರದೋ ಪಹಣಿಯನ್ನು ಜೆರಾಕ್ಸ್ ಮಾಡುತ್ತಿದ್ದರು. ನಾನು ಹೆಸರು ಹೇಳಿ ಸಿ.ಡಿ. ಕೊಟ್ಟೆ. ಆಮೇಲೆ ಚೀಲವನ್ನು ಕೌಂಟರಿನ ಮೇಲಿಟ್ಟು ಪಂಚೆಯ ಗಂಟು ಬಿಚ್ಚಿದೆ.

ಅಕ್ಕ ಮೊರವನ್ನು ನೋಡಿದರು, ನನ್ನನ್ನು ನೋಡಿದರು. ಯಂತ್ರ ಇನ್ನೂ ಕಾಗದ ಉಗುಳುತ್ತಿತ್ತು, ಅದನ್ನು ಆರಿಸಿದರು.

"ಯಾರು ಕಳಿಸಿದ್ದು?"

"ಮೇಲಿನ ಮನೆಯಿಂದ ಅಕ್ಕ."

ಅವರು ಸೆರಗು ಹೊದ್ದು, ಅದರ ತುದಿಯನ್ನು ಮೊರದ ಮೇಲೆ ಹಿಡಿದು ಎರಡೂ ಕೈಯಲ್ಲಿ ಬಾಗಿನ ತೆಗೆದುಕೊಂಡರು. ಬಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ಮನೇಲಿ ಎಲ್ರೂ ಹುಷಾರಾ?" ಎಂದು ಕೇಳಿದರು. ತವರಿನ ಕಡೆಯವರು ಬಂದರೆ ಮೊದಲು ಕೇಳುವುದು ಇದನ್ನೇ.

"ಹುಷಾರಿದ್ದಾರೆ. ಅಮ್ಮ ಕೇಳಿದ್ರು, ನೀವು ಯಾವಾಗ ಬರ್ತೀರಿ ಅಂತ."

ಅಕ್ಕ ನಾನು ಕೊಟ್ಟ ಸಿ.ಡಿ.ಯನ್ನು ಬಾಗಿನದ ಪಕ್ಕದಲ್ಲಿ ಜೋಪಾನವಾಗಿ ಇಟ್ಟರು.

"ಹಬ್ಬ ಮುಗಿಸ್ಕಂಡು ಸಿ.ಡಿ. ಜೊತೆಗೇ ಬಸ್ ಹತ್ತುತೀನಿ" ಎಂದರು. "ಬಾಗಿಲು ತೆಗೆಯೋಕೆ ಹೇಳಿ."